ಮಗ್ಗದ ಮನೆ, ಸಮಾಧಿಯ ಕಲ್ಲು, ಸಭೆಯ ಪುಸ್ತಕ: ಕರಾವಳಿಯ ನೇಯ್ಗೆ ಕಾರ್ಖಾನೆಗಳ ಚರಿತ್ರೆಗೆ ಕುಟುಂಬದ ದಾಖಲೆಗಳು



ದತ್ತಿ ಉಪನ್ಯಾಸಕ್ಕೆ ನನ್ನನ್ನು ಕರೆದಿದ್ದೀರಿ. ದತ್ತಿಯೆಂದರೆ ತೀರಿಕೊಂಡವರ ಹೆಸರು ವರ್ಷಕ್ಕೊಮ್ಮೆಯಾದರೂ ಸಭೆಯಲ್ಲಿ ಕೇಳಿಬರಲಿ ಎಂದು ಮಾಡಿಟ್ಟ ಏರ್ಪಾಡು. ಯಾರ ಹೆಸರು ಉಳಿಯುತ್ತದೆ, ಯಾರದು ಅಳಿಯುತ್ತದೆ ಎಂಬುದೇ ಇಂದಿನ ನನ್ನ ವಿಷಯವೂ ಹೌದು.

ಕಾರ್ಖಾನೆಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕಂಪನಿಯ ಲೆಕ್ಕಪುಸ್ತಕ, ವಾರ್ಷಿಕ ವರದಿ, ಸರಕಾರದ ಗೆಜೆಟಿಯರುಗಳಿಂದ ಬರೆಯುತ್ತೇವೆ. ಅಲ್ಲಿ ಬಂಡವಾಳ ಹೂಡಿದವರು, ವ್ಯವಸ್ಥಾಪಕರು ಸಿಗುತ್ತಾರೆ. ನೂಲಿನ ದರ, ಬಟ್ಟೆಯ ಗಜ ಸಿಗುತ್ತದೆ. ಮಗ್ಗದ ಮುಂದೆ ಕೂತವರು ಮಾತ್ರ ‘ಆಳುಗಳು ಇಷ್ಟು’ ಎಂಬ ಒಂದು ಅಂಕಿಯಾಗಿ ಬಂದು ಹೋಗುತ್ತಾರೆ. ಅವರ ಹೆಸರು ಬೇಕೆಂದರೆ ಹುಡುಕಬೇಕಾದ ಜಾಗ ಬೇರೆ: ಸ್ಮಶಾನ, ಕ್ರೈಸ್ತ ಸಭೆಯ ದೀಕ್ಷಾಸ್ನಾನ ಮತ್ತು ಮರಣದ ಪುಸ್ತಕ, ಮನೆಯ ಟ್ರಂಕು. ಇದನ್ನು ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆಗಳನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಈ ಕಾರ್ಖಾನೆಗಳು ಯಾಕೆ ಹುಟ್ಟಿದವು ಎಂಬುದು ಮೊದಲನೆಯದು. ಕಲ್ಲು ಮತ್ತು ಪುಸ್ತಕಗಳನ್ನು ಓದುವ ಬಗೆ ಎರಡನೆಯದು. ಅವು ಬರೆಯದೆ ಬಿಟ್ಟ ಸಂಗತಿಗಳು ಮೂರನೆಯದು. ಕಾರ್ಖಾನೆ ಮುಚ್ಚಿದ ಮೇಲೆ ದಾಖಲೆಗಳ ಗತಿಯೇನು, ನಾವು ಮಾಡಬೇಕಾದದ್ದೇನು ಎಂಬುದು ಕೊನೆಯದು.

ಮೊದಲನೆಯ ಭಾಗಕ್ಕೆ ಬರೋಣ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಈ ಮಿಶನ್ನಿನ ಮೊದಲ ಮೂವರು, ಅಂದರೆ ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಹಿಂದಿನ ವರ್ಷವಷ್ಟೇ, 1833ರ ಸನ್ನದು ಕಾಯಿದೆಯಿಂದ, ಬ್ರಿಟಿಷರಲ್ಲದ ಮಿಶನರಿಗಳಿಗೂ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯ ಬಾಗಿಲು ತೆರೆದಿತ್ತು. ಮೋಗ್ಲಿಂಗ್ ಅವರ ‘ಮಂಗಳೂರು ಸಮಾಚಾರ’, ಕಿಟೆಲ್ ಅವರ ನಿಘಂಟು ನಮಗೆಲ್ಲ ಗೊತ್ತು. ಅದೇ ಸಂಸ್ಥೆಯ ಮಗ್ಗದ ಶೆಡ್ಡುಗಳ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆ.

ಉಪದೇಶಕ್ಕೆಂದು ಬಂದವರು ಮಗ್ಗಕ್ಕೆ ಯಾಕೆ ಕೈಹಾಕಿದರು? ಉತ್ತರ ನಮ್ಮ ಜಿಲ್ಲೆಯ ಜಾತಿ ಮತ್ತು ಭೂಮಿಯ ವ್ಯವಸ್ಥೆಯಲ್ಲಿದೆ. ಕರಾವಳಿಯಲ್ಲಿ ಈ ಮಿಶನ್ನಿಗೆ ಸೇರಿದವರಲ್ಲಿ ಬಿಲ್ಲವರು ಬಹಳ, ಮಲಬಾರಿನಲ್ಲಿ ತೀಯರು. ಮತ ಬದಲಾದ ದಿನವೇ ಅವರ ಅನ್ನದ ದಾರಿಯೂ ಮುಚ್ಚುತ್ತಿತ್ತು. ಚಾಲಗೇಣಿಯ ಒಕ್ಕಲನ್ನು ಧಣಿ ಬೇಕೆಂದಾಗ ಎಬ್ಬಿಸಬಹುದಿತ್ತು. ಮೂರ್ತೆ ಕೆಲಸ ಮಾಡುತ್ತಿದ್ದವನು ಅದನ್ನು ಮುಂದುವರಿಸುವಂತಿಲ್ಲ, ಏಕೆಂದರೆ ಶೇಂದಿ ಇಳಿಸುವ ಕಸುಬು ಮಿಶನ್ನಿಗೆ ಸಮ್ಮತವಲ್ಲ. ಹೀಗೆ ಒಕ್ಕಲುತನವನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಕೆಲಸ ಕೊಡುವ ಹೊಣೆ ಮಿಶನ್ನಿನ ಮೇಲೆ ಬಿತ್ತು. ಬೇಸಾಯ, ಬಡಗಿ ಕೆಲಸ, ಪುಸ್ತಕಕ್ಕೆ ರಟ್ಟು ಕಟ್ಟುವುದು, ಗಡಿಯಾರ ರಿಪೇರಿ ಹೀಗೆ ಹಲವು ಪ್ರಯೋಗಗಳಾದವು. ನಿಂತದ್ದು ಮುಖ್ಯವಾಗಿ ಮೂರು: ಅಚ್ಚುಕೂಟ, ನೇಯ್ಗೆ, ಹಂಚು. ಅಚ್ಚುಕೂಟ 1841ರದು. ಜಾರ್ಜ್ ಪ್ಲೆಬ್ಸ್ಟ್ ಅವರ ಹಂಚಿನ ಕಾರ್ಖಾನೆ 1865ರದು.

ನೇಯ್ಗೆಯಲ್ಲಿ 1840ರ ದಶಕದಿಂದಲೇ ಸಣ್ಣ ಪ್ರಯತ್ನಗಳಿದ್ದವು. ಅದಕ್ಕೆ ಗಟ್ಟಿ ರೂಪ ಬಂದದ್ದು ನೇಕಾರಿಕೆಯಲ್ಲೇ ಪಳಗಿದ ಜಾನ್ ಹಾಲರ್ 1851ರಲ್ಲಿ ಮಂಗಳೂರಿಗೆ ಬಂದ ಮೇಲೆ. ನಮ್ಮ ಕುಣಿಮಗ್ಗದಲ್ಲಿ ನೇಕಾರ ಲಾಳಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ. ಹಾಲರ್ ತರಿಸಿದ ಯುರೋಪಿನ ಚೌಕಟ್ಟು ಮಗ್ಗದಲ್ಲಿ ಹಗ್ಗ ಜಗ್ಗಿದರೆ ಲಾಳಿ ತಾನೇ ಅಡ್ಡಕ್ಕೆ ಹಾರುತ್ತಿತ್ತು. ಇದರಿಂದ ಕೆಲಸ ಬೇಗವಾಯಿತು, ಪನ್ನ ಅಗಲವಾಯಿತು. ಬಣ್ಣದ ಮನೆಯೂ ಸೇರಿಕೊಂಡಿತು. ಕಣ್ಣೂರು, ಕಲ್ಲಿಕೋಟೆಗಳಲ್ಲೂ ಮಗ್ಗಗಳು ಕೂತವು. ಅಂಗಿಯ ಬಟ್ಟೆ, ಚೌಕುಳಿ ಬಟ್ಟೆ, ಮೇಜಿನ ಹಾಸು, ಟವೆಲು ‘ಮಿಶನ್ ಬಟ್ಟೆ’ಯೆಂದೇ ಹೆಸರಾದವು. ಈ ಉದ್ಯಮಗಳ ಆರ್ಥಿಕ ಚರಿತ್ರೆಯನ್ನು ಜೈಪ್ರಕಾಶ್ ರಾಘವಯ್ಯ ಅವರು 1990ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ಆಸಕ್ತ ವಿದ್ಯಾರ್ಥಿಗಳು ಅಲ್ಲಿಂದ ಆರಂಭಿಸಬಹುದು.

ಖಾಕಿಯ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮಂಗಳೂರಿನಲ್ಲಿ ಈ ವಿಷಯ ಎತ್ತಿದರೆ ಕೇಳುಗರಿಂದ ಮೊದಲು ಬರುವ ಪ್ರಶ್ನೆ ಅದೇ. ಖಾಕಿ ಬಣ್ಣ ಕಂಡುಹಿಡಿದದ್ದು ಮಂಗಳೂರಿನ ಬಲ್ಮಠದಲ್ಲಿ, ಹಾಲರ್ ಅವರಿಂದ ಎಂಬುದು ನಮ್ಮ ಊರಿನ ಹೆಮ್ಮೆಯ ಕಥೆ. ಆದರೆ ಪೇಶಾವರದಲ್ಲಿ 1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ‘ಗೈಡ್ಸ್’ ಪಡೆಯವರು, ಹಾಲರ್ ಈ ದೇಶಕ್ಕೆ ಬರುವ ಮೊದಲೇ, ಮಣ್ಣಿನ ಬಣ್ಣದ ಬಟ್ಟೆ ತೊಡುತ್ತಿದ್ದರು. ಆದ್ದರಿಂದ ‘ಮೊಟ್ಟಮೊದಲು’ ಎಂಬ ಪಟ್ಟ ಕಟ್ಟುವುದು ಕಷ್ಟ. ಇಲ್ಲಿನ ಬಣ್ಣದ ಮನೆಯಲ್ಲಿ ಖಾಕಿ ಸಿದ್ಧವಾಯಿತೆಂದರೆ ಸಾಕು. ಆದರೆ ಈ ವಾದ ಎರಡೂ ಕಡೆ ಇಬ್ಬರು ಯುರೋಪಿಯನ್ನರ ಹೆಸರಿನಲ್ಲೇ ನಡೆಯುತ್ತದೆ. ಹಂಡೆಯಲ್ಲಿ ಬಣ್ಣ ಕುದಿಸಿ, ಲಡಿಗಳನ್ನು ಮುಳುಗಿಸಿ, ಹಿಂಡಿ, ಒಣಗಿಸಿ, ಹದ ತಪ್ಪಿದಾಗ ಮತ್ತೆ ಮಾಡಿದವರು ಯಾರು? ಅವರ ಹೆಸರು ಖಾಕಿಯ ಯಾವ ಕಥೆಯಲ್ಲೂ ಇಲ್ಲ. ಇದ್ದರೆ ಅದು ಸಭೆಯ ಪುಸ್ತಕದಲ್ಲಿ ಇರಬೇಕು.

ಇನ್ನು ಎರಡನೆಯ ಭಾಗ: ಕಲ್ಲನ್ನೂ ಪುಸ್ತಕವನ್ನೂ ಓದುವುದು ಹೇಗೆ?

ಕಲ್ಲಿನಿಂದ ಆರಂಭಿಸೋಣ. ಬ್ರಿಟಿಷ್ ಸರಕಾರವೂ ಸಮಾಧಿಗಳ ಪಟ್ಟಿ ಮಾಡಿಸಿತ್ತು. ಮದ್ರಾಸ್ ಪ್ರಾಂತದ ಗೋರಿಗಳ ಬರಹಗಳನ್ನು ಜೆ. ಜೆ. ಕಾಟನ್ ಸಂಗ್ರಹಿಸಿ 1905ರಲ್ಲಿ ಪ್ರಕಟಿಸಿದರು. ಆಗ ದಕ್ಷಿಣ ಕನ್ನಡವೂ ಆ ಪ್ರಾಂತಕ್ಕೇ ಸೇರಿತ್ತು. ಅಂಥ ಪಟ್ಟಿಗಳ ಗಮನವೆಲ್ಲ ಯುರೋಪಿಯನ್ನರ ಮೇಲೆ, ಅದರಲ್ಲೂ ಅಧಿಕಾರಿ, ಸೈನಿಕ, ವ್ಯಾಪಾರಿಗಳ ಮೇಲೆ. ಅದೇ ಆವರಣದಲ್ಲಿ ಮಲಗಿದ ನೇಕಾರನ ಗೋರಿ ಪಟ್ಟಿಕಾರರ ಕಣ್ಣಿಗೆ ಬೀಳಲಿಲ್ಲ.

ನಮ್ಮ ಕರಾವಳಿಯ ಕಲ್ಲಿಗೆ ಅದರದೇ ಆದ ಕಷ್ಟವಿದೆ. ಬಡವರ ಸಮಾಧಿ ಕಟ್ಟುವುದು ಮುರಕಲ್ಲಿನಿಂದ. ಮುರಕಲ್ಲಿನ ತೂತು ಮೈಯಲ್ಲಿ ಅಕ್ಷರ ಕೊರೆಯಲಾಗದು. ಅದಕ್ಕೆ ಗಾರೆ ಮೆತ್ತಿ, ಗಾರೆಯ ಮೇಲೆ ಹೆಸರು ಗೀಚುತ್ತಾರೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಗಾರೆ ಮೊದಲು ಪಾಚಿಗಟ್ಟುತ್ತದೆ, ಆಮೇಲೆ ಬಿರುಕು ಬಿಡುತ್ತದೆ, ಕೊನೆಗೆ ಅಕ್ಷರಗಳ ಸಮೇತ ಚಕ್ಕೆಯಾಗಿ ಉದುರುತ್ತದೆ. ಕರಿಕಲ್ಲಿನ ಫಲಕ ಹಾಕಿಸುವ ಶಕ್ತಿ ಇದ್ದವರ ಹೆಸರು ಉಳಿಯಿತು. ಹೀಗಾಗಿ ಸ್ಮಶಾನದಲ್ಲಿ ಇವತ್ತು ಓದಲು ಸಿಗುವ ಹೆಸರುಗಳನ್ನಷ್ಟೇ ಎಣಿಸಿ ‘ಇದು ಕಾರ್ಖಾನೆಯ ಸಮುದಾಯ’ ಎಂದರೆ ತಪ್ಪಾಗುತ್ತದೆ. ಅದು ಆ ಸಮುದಾಯದ ಅನುಕೂಲಸ್ಥರ ಪಟ್ಟಿ ಮಾತ್ರ.

ಕಲ್ಲು ಬಿಟ್ಟದ್ದನ್ನು ತುಂಬುವುದು ಪುಸ್ತಕ. ದೀಕ್ಷಾಸ್ನಾನ, ಮದುವೆ, ಮರಣ ಈ ಮೂರನ್ನೂ ಸಭಾಪಾಲಕರು ಬರೆದಿಡಬೇಕು. ಮಿಶನ್ನಿನ ಅನೇಕರು ಬಂದದ್ದು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಿಂದ. ಅಲ್ಲಿ 19ನೇ ಶತಮಾನದ ಆರಂಭದಿಂದಲೇ ಪ್ರತಿ ಸಭೆಯಲ್ಲೂ ಕುಟುಂಬಕ್ಕೊಂದು ಪುಟವಿಡುವ ಪದ್ಧತಿ ಇತ್ತು: ಮೇಲೆ ಗಂಡ, ಹೆಂಡತಿ, ಇಬ್ಬರ ತಂದೆತಾಯಿ, ಕೆಳಗೆ ಮಕ್ಕಳು, ಪ್ರತಿಯೊಬ್ಬರ ಹುಟ್ಟು, ಮದುವೆ, ಸಾವು. ಒಂದೇ ಪುಟದಲ್ಲಿ ಒಂದು ಮನೆ. ಅಂಥ ಪದ್ಧತಿಯಲ್ಲಿ ಬೆಳೆದವರ ಕೈಗೆ ದಾಖಲೆ ಬರೆಯುವ ಶಿಸ್ತು ಸಹಜವಾಗಿಯೇ ಬಂದಿತ್ತು.

ಕುಟುಂಬದ ಪುಟ ಏನು ಮಾಡಬಲ್ಲದು ಎಂಬುದಕ್ಕೆ ಮಿಶನರಿಗಳದೇ ಉದಾಹರಣೆ ಕೊಡಬಹುದು. ಮಿಶನರಿ ವೈಗ್ಲೆ ತೀರಿಕೊಂಡ ಬಳಿಕ ಅವರ ಹೆಂಡತಿ ಪಾವ್ಲೀನೆಯನ್ನು ಮೋಗ್ಲಿಂಗ್ ಮದುವೆಯಾದರು. ಸಮಾಧಿಯ ಕಲ್ಲನ್ನಷ್ಟೇ ನೋಡಿದರೆ ವೈಗ್ಲೆಯದು ಒಂದು ಕಥೆ, ಮೋಗ್ಲಿಂಗ್ ಅವರದು ಇನ್ನೊಂದು. ಮಿಶನರಿಗಳ ಮಕ್ಕಳನ್ನು ಓದಿಗೆಂದು ಬಾಸೆಲಿನ ಮಕ್ಕಳ ಮನೆಗೆ ಕಳುಹಿಸುತ್ತಿದ್ದರು. ಆದ್ದರಿಂದ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರ ಗೋರಿ ಇಲ್ಲಿ, ಇನ್ನೊಬ್ಬರದು ಯುರೋಪಿನಲ್ಲಿ. ಇವನ್ನೆಲ್ಲ ಒಂದೆಡೆ ಕೂಡಿಸುವುದು ಕುಟುಂಬದ ದಾಖಲೆ. ಮಿಶನರಿಗಳಿಗೆ ಈ ಭಾಗ್ಯ ಸಿಕ್ಕಿದೆ. ಅವರ ಕಡತಗಳು ಬಾಸೆಲಿನ ಪತ್ರಾಗಾರದಲ್ಲಿ ಜೋಪಾನವಾಗಿವೆ. ನೇಕಾರರ ಮನೆಗಳಿಗೂ ಇದೇ ಕೆಲಸವಾಗಬೇಕು.

ಈಗ ಒಂದು ನಮೂದನ್ನು ಹತ್ತಿರದಿಂದ ನೋಡೋಣ. ಇದು ಯಾವುದೇ ನಿಜವಾದ ವ್ಯಕ್ತಿಯದಲ್ಲ. ಓದುವ ಕ್ರಮ ತೋರಿಸಲು ನಾನು ಕಟ್ಟಿದ್ದು. ಮರಣದ ಪುಸ್ತಕದಲ್ಲಿ ಒಂದು ಸಾಲು: ಜುಲೈ ತಿಂಗಳು, ಒಬ್ಬ ಹೆಂಗಸಿನ ಹೆಸರು, ವಯಸ್ಸು 30, ‘ನೇಯ್ಗೆಯವನ ಹೆಂಡತಿ’, ಕಾರಣ ಜ್ವರ, ಮರುದಿನ ಸಮಾಧಿ, ಕೆಳಗೆ ಸಭಾಪಾಲಕರ ಸಹಿ.

ವಯಸ್ಸು 30 ಎಂದಿದೆ. ಪುಸ್ತಕದ ಹತ್ತು ಪುಟ ತಿರುವಿದರೆ 30, 40, 50 ಇವೇ ಹೆಚ್ಚು. 29, 31, 43 ಅಪರೂಪ. ಎಂದರೆ ವಯಸ್ಸು ಅಂದಾಜಿನದು, ಹುಟ್ಟಿದ ವರ್ಷ ಮನೆಯವರಿಗೂ ಗೊತ್ತಿಲ್ಲ. ಬಹುಶಃ ಆಕೆ ದೊಡ್ಡವಳಾದ ಮೇಲೆ ಸಭೆಗೆ ಸೇರಿದವಳು. ‘ನೇಯ್ಗೆಯವನ ಹೆಂಡತಿ’ ಎಂಬುದು ಆಕೆಯ ಗುರುತು; ಆಕೆ ಸ್ವತಃ ಕಂಡಿಕೆ ಸುತ್ತುತ್ತಿದ್ದಳೇ, ಹಾಸುನೂಲಿಗೆ ಗಂಜಿ ಹಾಕುತ್ತಿದ್ದಳೇ ಎಂಬುದಕ್ಕೆ ಆ ಅಂಕಣದಲ್ಲಿ ಜಾಗವಿಲ್ಲ. ಕಾರಣ ಜ್ವರ. ಆ ಕಾಲದ ಬರವಣಿಗೆಯಲ್ಲಿ ಮಲೇರಿಯಾವೂ ಜ್ವರ, ವಿಷಮಶೀತವೂ ಜ್ವರ, ಬಾಣಂತಿಯ ನಂಜೂ ಜ್ವರ. ಇಷ್ಟಕ್ಕೇ ಪುಸ್ತಕ ಮುಚ್ಚಿದರೆ ಮಳೆಗಾಲದ ಒಂದು ಜ್ವರದ ಸಾವು ಎಂದು ಬರೆದು ಮುಂದೆ ಹೋಗುತ್ತೇವೆ. ಆದರೆ ಅದೇ ವರ್ಷದ ದೀಕ್ಷಾಸ್ನಾನದ ಪುಸ್ತಕ ತೆರೆಯಿರಿ. ಅದೇ ಗಂಡನ ಹೆಸರಿನಲ್ಲಿ ಒಂದು ಶಿಶುವಿಗೆ ಒಂದು ವಾರ ಹಿಂದೆ, ಸಭೆಯಲ್ಲಲ್ಲ, ಮನೆಯಲ್ಲೇ ಅವಸರದ ದೀಕ್ಷಾಸ್ನಾನವಾಗಿದ್ದರೆ ಜ್ವರದ ಅರ್ಥವೇ ಬದಲಾಗುತ್ತದೆ. ಒಂದೂವರೆ ವರ್ಷದ ಬಳಿಕ ಮದುವೆಯ ಪುಸ್ತಕದಲ್ಲಿ ಆ ನೇಯ್ಗೆಯವನು ‘ವಿಧುರ’ ಎಂದು ಕಾಣಿಸಿಕೊಂಡರೆ ಚಿತ್ರ ಪೂರ್ಣವಾಗುತ್ತದೆ. ಒಂದೊಂದೇ ಸಾಲು ಬಾಯಿ ಬಿಡುವುದಿಲ್ಲ. ಮೂರು ಪುಸ್ತಕ ಕೂಡಿಸಿದರೆ ಒಂದು ಸಂಸಾರ ಎದ್ದು ನಿಲ್ಲುತ್ತದೆ.

ಕೆಮ್ಮು, ಕ್ಷಯ ಎಂದು ಬರೆದ ಸಾವುಗಳನ್ನು ನೋಡಿದ ಕೂಡಲೇ ‘ಹತ್ತಿಯ ದೂಳಿನಿಂದ’ ಎಂದು ತೀರ್ಮಾನಿಸುವ ಆತುರ ಬೇಡ. ಹತ್ತಿ ಬಿಡಿಸುವ, ನೂಲು ತೆಗೆಯುವ ಗಿರಣಿಗಳಲ್ಲಿ ದೂಳಿನ ಕಾಯಿಲೆ ನಿಜ. ಆದರೆ ಸಿದ್ಧ ನೂಲು ತಂದು ನೇಯುವ ಶೆಡ್ಡಿನಲ್ಲಿ ದೂಳು ಕಡಿಮೆ. ಒತ್ತೊತ್ತಾಗಿ ಕಟ್ಟಿದ ಮನೆಗಳಲ್ಲಿ ಹರಡಿದ ಸೋಂಕೂ ಕಾರಣವಾಗಿರಬಹುದು.

ಬರಹದ ತೊಡಕೂ ಒಂದಿದೆ. ಜರ್ಮನ್ನರು ಬರೆದ ಪಟ್ಟಿ, ವರದಿಗಳು ಹಳೆಯ ಕುರ್ರೆಂಟ್ ಲಿಪಿಯಲ್ಲಿರುವುದುಂಟು. ಇಂದಿನ ಜರ್ಮನರಿಗೂ ಅದು ತರಬೇತಿ ಇಲ್ಲದೆ ಓದಲು ಬಾರದು. ನಮ್ಮ ಹೆಸರುಗಳನ್ನು ಅವರು ತಮ್ಮ ಉಚ್ಚಾರಕ್ಕೆ ತಕ್ಕಂತೆ ಬರೆದರು: ‘ಯ’ಕಾರಕ್ಕೆ ಜೆ, ‘ವ’ಕಾರಕ್ಕೆ ಡಬ್ಲ್ಯೂ, ‘ಜ’ಕಾರಕ್ಕೆ ಡಿ, ಎಸ್, ಸಿ, ಎಚ್ ಎಂಬ ನಾಲ್ಕಕ್ಷರದ ಗೊಂಚಲು. ಇದು ಗೊತ್ತಿಲ್ಲದವರು ಒಬ್ಬನೇ ವ್ಯಕ್ತಿಯನ್ನು ಇಬ್ಬರೆಂದು ಎಣಿಸುತ್ತಾರೆ. ಮನೆಯ ಮಾತು ತುಳು, ಸಭೆಯ ಮಾತು ಕನ್ನಡ, ವರದಿಯ ಮಾತು ಜರ್ಮನ್, ಸರಕಾರಕ್ಕೆ ಹೋಗುವ ಪ್ರತಿ ಇಂಗ್ಲಿಷ್. ನೇಯ್ಗೆಯವನ ಹೆಸರು ಈ ನಾಲ್ಕು ಕಡೆ ನಾಲ್ಕು ರೂಪ ತಾಳಿರುತ್ತದೆ.

ಮೂರನೆಯ ಭಾಗಕ್ಕೆ ಹೋಗುವ ಮೊದಲು ಒಂದು ಪ್ರಶ್ನೆ: ಕಾರ್ಮಿಕರ ಬಗ್ಗೆ ಸರಕಾರದ ದಾಖಲೆ ಇಲ್ಲವೇ, ಸಭೆಯ ಪುಸ್ತಕವೇ ಯಾಕೆ? ಉತ್ತರ ಕಾಯಿದೆಯಲ್ಲೇ ಇದೆ. 1881ರ ಮೊದಲ ಕಾರ್ಖಾನೆ ಕಾಯಿದೆ ಅನ್ವಯಿಸಿದ್ದು ಯಂತ್ರಶಕ್ತಿ ಬಳಸುವ, ನೂರು ಅಥವಾ ಹೆಚ್ಚು ಆಳುಗಳಿರುವ ಕಡೆ. 1891ರಲ್ಲಿ ಆ ಸಂಖ್ಯೆ 50ಕ್ಕೆ ಇಳಿಯಿತು. ಒಂಬತ್ತು ವರ್ಷದೊಳಗಿನ ಮಕ್ಕಳ ದುಡಿಮೆ ನಿಷಿದ್ಧವಾಯಿತು. ಬೆಂಗಳೂರಿನ ಬಿನ್ನಿ ಗಿರಣಿ ಅಥವಾ ಘಟಪ್ರಭೆಯ ನೀರಿನ ಬಲದಿಂದ ನಡೆದ ಗೋಕಾಕದ ಗಿರಣಿಯಂಥವು ಬೇರೆ ಜಾತಿಯವು. ಕೈಯಿಂದ ನಡೆಯುವ ಮಗ್ಗದ ಶೆಡ್ಡು ಈ ವ್ಯಾಖ್ಯೆಯೊಳಗೆ ಸುಲಭಕ್ಕೆ ಬರುವಂಥದ್ದಲ್ಲ. ಇನ್‌ಸ್ಪೆಕ್ಟರು ಕಾಲಿಡದ ಕಡೆ ಅವನ ವರದಿಯೂ ಇರುವುದಿಲ್ಲ. ಹುಡುಗನೊಬ್ಬ ಎಷ್ಟನೇ ವಯಸ್ಸಿಗೆ ಕಂಡಿಕೆ ಸುತ್ತಲು ಕೂತ ಎಂಬುದನ್ನು ತಿಳಿಯಲು ದೀಕ್ಷಾಸ್ನಾನದ ತಾರೀಖನ್ನು ಹಾಜರಿ ಪುಸ್ತಕದ ಪಕ್ಕಕ್ಕಿಟ್ಟು ನೋಡುವುದೊಂದೇ ದಾರಿ.

ಹಾಗಾದರೆ ಈ ದಾಖಲೆಗಳು ಬರೆಯದೆ ಬಿಟ್ಟದ್ದೇನು? ಇದೇ ಮೂರನೆಯ ಭಾಗ.

ಒಂದು, ಹೆಂಗಸರ ದುಡಿಮೆ. ಅದನ್ನು ಆಗಲೇ ನೋಡಿದೆವು. ಎರಡು, ಜಾತಿ. ಮಿಶನ್ ಜಾತಿಯನ್ನು ಒಪ್ಪಲಿಲ್ಲ, ಆದ್ದರಿಂದ ಅದನ್ನು ದಾಖಲಿಸುವ ಉತ್ಸಾಹವೂ ಕಡಿಮೆ; ಆದರೆ ಮದುವೆಯ ಸಂಬಂಧಗಳು ಯಾವ ಮನೆಗಳ ನಡುವೆ ನಡೆದವು ಎಂದು ಗಮನಿಸಿದರೆ ಬರೆಯದ ಸಂಗತಿಯೂ ಕಾಣುತ್ತದೆ. ಮೂರು, ಸಭೆಯವರಲ್ಲದ ದುಡಿಮೆಗಾರರು. ಕ್ರೈಸ್ತರಲ್ಲದವರ ಸಾವು ಸಭೆಯ ಪುಸ್ತಕಕ್ಕೆ ಏರುವುದಿಲ್ಲ. ಸುಡುವ ಪದ್ಧತಿಯವರಿಗೆ ಗೋರಿಯೂ ಇಲ್ಲ. ಮಸೀದಿಯ ಕಬರಸ್ತಾನದಲ್ಲಿ ಮಣ್ಣಾದವರ ಲೆಕ್ಕ ಜಮಾತಿನ ಬಳಿ ಇದ್ದರೆ ಇದೆ.

ಇದರರ್ಥ ಅವರ ಕುಟುಂಬಗಳಿಗೆ ದಾಖಲೆಯೇ ಇಲ್ಲವೆಂದಲ್ಲ, ಬೇರೆ ಬಗೆಯದಿದೆ. ಉತ್ತರ ಕರ್ನಾಟಕದ ಹೆಳವರನ್ನು ನೆನೆಯಿರಿ. ಎತ್ತಿನೊಂದಿಗೆ ಊರೂರಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲ ಯಾವುದು, ಯಾರ ಮಗ ಯಾರು, ಯಾವ ಊರಿಂದ ಯಾವ ಊರಿಗೆ ಬಂದರು ಎಂದು ಒಪ್ಪಿಸುವವರು ಅವರು. ಹೊಸ ಹುಟ್ಟು, ಸಾವುಗಳನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಹೋಗುವವರು. ಗೋಕಾಕ, ಹುಬ್ಬಳ್ಳಿಯಂಥ ಕಡೆ ಗಿರಣಿ ಸೇರಿದ ಕುಟುಂಬಗಳ ಮೂಲ ಊರು ಹುಡುಕುವವರು ಹೆಳವರ ಬಾಯನ್ನೂ ಪುಸ್ತಕವನ್ನೂ ಬಿಡುವಂತಿಲ್ಲ. ಲಿಂಗಾಯತರಲ್ಲಿ ಹೂಳುವ ಪದ್ಧತಿಯಿದೆ. ಹೊಲದ ಮೂಲೆಯ ಗದ್ದುಗೆಗಳಲ್ಲಿ ಬರಹವಿಲ್ಲದಿದ್ದರೂ ಯಾವುದು ಯಾರದೆಂದು ಮನೆಯ ಹಿರಿಯರು ಬೆರಳಿಟ್ಟು ತೋರಿಸುತ್ತಾರೆ. ಅವರಿರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಕೊನೆಯ ಭಾಗ: ಕಾರ್ಖಾನೆಗಳು ಹೋದವು, ದಾಖಲೆಗಳ ಗತಿಯೇನು?

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಶನರಿಗಳು ಒಂದೇ ದಿನಕ್ಕೆ ಶತ್ರು ದೇಶದ ಪ್ರಜೆಗಳಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟು, ಮುಂದೆ ಹಡಗು ಹತ್ತಿಸಿ ತಾಯ್ನಾಡಿಗೆ ಕಳುಹಿಸಿದರು. ಸರಕಾರ ವಶಪಡಿಸಿಕೊಂಡ ಉದ್ಯಮಗಳು ಯುದ್ಧದ ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಅಲ್ಲಿಗೆ ಒಂದು ಬೇರ್ಪಡೆ ನಡೆಯಿತು. ಅದುವರೆಗೆ ಕೆಲಸ ಕೊಡುವವರೂ, ದೀಕ್ಷಾಸ್ನಾನ ಕೊಡುವವರೂ, ಮಣ್ಣು ಮಾಡುವವರೂ ಒಂದೇ ಸಂಸ್ಥೆಯವರಾಗಿದ್ದರು. ಈಗ ಕಾರ್ಖಾನೆಯ ಕಾಗದ ಒಂದು ಕಡೆ, ಸಭೆಯ ಕಾಗದ ಇನ್ನೊಂದು ಕಡೆ ಆಯಿತು. ಕಲ್ಲಿಕೋಟೆಯ ಮಾನಾಂಚಿರಾದ ನೇಯ್ಗೆ ಕಾರ್ಖಾನೆ 2009ರವರೆಗೂ ಹೇಗೋ ಉಸಿರು ಹಿಡಿದಿತ್ತು. ಆಮೇಲೆ ಅದೂ ಮುಚ್ಚಿತು.

ಕಾರ್ಖಾನೆ ಮುಚ್ಚಿದಾಗ ಯಂತ್ರಕ್ಕೆ ಗಿರಾಕಿ ಇರುತ್ತಾನೆ, ಜಾಗಕ್ಕಂತೂ ನೂರು ಜನ. ಹಾಜರಿ ಪುಸ್ತಕ, ಬಟವಾಡೆ ಪಟ್ಟಿ ರದ್ದಿಗೆ ಹೋಗುತ್ತವೆ. ಇಂಗ್ಲೆಂಡಿನ ಸ್ಟೈಲ್ ಎಂಬಲ್ಲಿ 1784ರಲ್ಲಿ ಸ್ಯಾಮ್ಯುಯೆಲ್ ಗ್ರೆಗ್ ಸ್ಥಾಪಿಸಿದ ಕ್ವಾರಿ ಬ್ಯಾಂಕ್ ಗಿರಣಿಯಲ್ಲಿ ಹಾಗಾಗಲಿಲ್ಲ. ಅನಾಥ, ಬಡ ಮಕ್ಕಳನ್ನು ದುಡಿಮೆಗೆ ಬರೆಸಿಕೊಂಡ ಕರಾರು ಪತ್ರಗಳು ಉಳಿದಿದ್ದರಿಂದ ಇಂದು ಆ ಮಕ್ಕಳ ಬಗ್ಗೆ ಹೆಸರು ಹಿಡಿದು ಮಾತನಾಡಲು ಸಾಧ್ಯವಾಗಿದೆ. ನಮ್ಮಲ್ಲೂ ಸಾಧ್ಯ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರ ಮಿಶನ್ನಿನ ದಾಖಲೆಗಳನ್ನು ಕಾಪಾಡಿಕೊಂಡು ಬಂದಿದೆ. ಮದ್ರಾಸ್ ಪ್ರಾಂತದ ಚರ್ಚುಗಳಿಂದ ಸರಕಾರಕ್ಕೆ ಹೋದ ಮರಣ ಪಟ್ಟಿಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕೊರತೆ ಇರುವುದು ಊರಿನ ಮಟ್ಟದಲ್ಲಿ: ಸಭೆಯ ಕಪಾಟಿನಲ್ಲಿ, ಸ್ಮಶಾನದಲ್ಲಿ, ಮನೆಯಲ್ಲಿ.

ಆದ್ದರಿಂದ ಮೂರು ಕೆಲಸಗಳನ್ನು ಈ ಸಭೆಯ ಮುಂದಿಡುತ್ತೇನೆ.

ಸಭೆಗಳ ಆಡಳಿತ ಸಮಿತಿಯವರಲ್ಲಿ ವಿನಂತಿ: ಸ್ಮಶಾನದಲ್ಲಿ ಜಾಗ ಸಾಲದೆ ಹಳೆಯ ಗೋರಿ ತೆಗೆಯಬೇಕಾಗಿ ಬರುವುದು ನಿಜ. ತೆಗೆಯುವ ಮುನ್ನ ಅದರ ಚಿತ್ರ ತೆಗೆದು, ಬರಹ ನಕಲು ಮಾಡಿ, ಜಾಗದ ನಕ್ಷೆಯಲ್ಲಿ ಗುರುತು ಹಾಕಿ. ಹಳೆಯ ಪುಸ್ತಕಗಳ ಪ್ರತಿ ಪುಟದ ಚಿತ್ರವನ್ನೂ ಎರಡು ಕಡೆ ಇರಿಸಿ. ಬದುಕಿರುವವರ ಖಾಸಗಿ ವಿವರ ಹೊರಹೋಗದಂತೆ ಇತ್ತೀಚಿನ ಪುಸ್ತಕಗಳನ್ನು ಬೇರೆ ಇಡುವುದು ನ್ಯಾಯ. ನೂರು ವರ್ಷ ದಾಟಿದ್ದನ್ನು ಅಭ್ಯಾಸಿಗಳಿಗೆ ತೆರೆಯಿರಿ.

ವಿದ್ಯಾರ್ಥಿಗಳಿಗೆ: ಕಲ್ಲನ್ನು ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಆಸಿಡ್ ಸುರಿಯಬೇಡಿ, ಸೀಮೆಸುಣ್ಣ ಮೆತ್ತಬೇಡಿ. ಮೆತ್ತನೆಯ ಬ್ರಷ್ಷು, ಶುದ್ಧ ನೀರು ಸಾಕು. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಬದಿಯಿಂದ ಟಾರ್ಚು ಹಿಡಿದು ನೋಡಿದರೆ ಮಾಸಿದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ಕಂಡದ್ದನ್ನು ಕಂಡಂತೆಯೇ ಬರೆಯಿರಿ, ಕಾಗುಣಿತ ತಿದ್ದಬೇಡಿ, ಓದಲಾಗದ್ದನ್ನು ಊಹಿಸಿ ತುಂಬಬೇಡಿ.

ಮಗ್ಗದ ಮನೆಯಲ್ಲಿ, ಹಂಚಿನ ಕಾರ್ಖಾನೆಯಲ್ಲಿ, ಗಿರಣಿಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿದ್ದರೆ ಅವರಿಗೆ: ಅಜ್ಜನ ಸಂಬಳದ ಚೀಟಿ, ಭವಿಷ್ಯನಿಧಿಯ ಕಾಗದ, ಬೈಬಲಿನ ಮೊದಲ ಹಾಳೆಯಲ್ಲಿ ಬರೆದಿಟ್ಟ ಹುಟ್ಟುಸಾವುಗಳು, ಸಾಮೂಹಿಕ ಚಿತ್ರ ಇವು ಯಾವುದನ್ನೂ ಹಳೆಯ ಸಾಮಾನೆಂದು ಬಿಸಾಡಬೇಡಿ. ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು ಬರೆಯಿರಿ. ಯಾರು ಯಾವ ವಿಭಾಗದಲ್ಲಿದ್ದರು, ಹೆಂಗಸರು ಯಾವ ಕೆಲಸ ಮಾಡುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಧ್ವನಿಮುದ್ರಿಸಿ.

ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದು ಕಾಲೇಜು ಒಂದು ಸ್ಮಶಾನವನ್ನೂ ಒಂದು ಸಭೆಯ ಪುಸ್ತಕಗಳನ್ನೂ ವಹಿಸಿಕೊಂಡರೆ ಸಾಕು. ಕಾರ್ಖಾನೆಯ ಚರಿತ್ರೆ ದುಡಿದವರ ಹೆಸರಿಲ್ಲದೆ ಪೂರ್ಣವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಮಳೆಗಾಲಕ್ಕೆ ಮೊದಲು ಇತಿಹಾಸ ವಿಭಾಗ ಈ ಕೆಲಸ ಕೈಗೆತ್ತಿಕೊಳ್ಳಲಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.